ಮಗ್ಗ ನಿಲ್ಲಿಸದ ದಿನ

ಹೋದ ವರ್ಷ ಹೋಳಿಹುಣ್ಣಿಮೆಗೆ ಇನ್ನೂ ಎಂಟು ದಿನ ಇತ್ತು. ಅವತ್ತು ನಾನು ಮತ್ತು ನಮ್ಮ ಮನೆಯವರು ಖಾನಾಪುರಕ್ಕೆ, ನನ್ನ ತವರಿಗೆ, ಹೋಗಿದ್ದೆವು. ಕಾರಣ ದೊಡ್ಡದೇನೂ ಇರಲಿಲ್ಲ. ಬಿಸಿಲು ಏರುವ ಮುಂಚೆ ಅಲ್ಲಿಂದ ಒಂದು ಮಣ್ಣಿನ ಹೂಜಿ ತರುವುದು ನಮ್ಮ ಪ್ರತಿ ವರ್ಷದ ರೂಢಿ. ನನ್ನ ಅಣ್ಣ ನಾರಾಯಣ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡಿ ಈಗ ಮನೆಯಲ್ಲೇ ಇರುತ್ತಾನೆ. ಯಾವ ಕುಂಬಾರನ ಹೂಜಿಯಲ್ಲಿ ನೀರು ತಣ್ಣಗಿರುತ್ತದೆ ಎಂದು ಬೆರಳಿನಿಂದ ತಟ್ಟಿಯೇ ಹೇಳುತ್ತಾನೆ.

ಉಂಡ ಮೇಲೆ ಮಲಪ್ರಭೆಯ ದಂಡೆಗೆ ಹೋದೆವು. ಹೊಳೆ ಸಣ್ಣಗಾಗಿತ್ತು. ಇವರು ಪ್ಯಾಂಟು ಮೇಲೆ ಮಡಚಿ ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟರು. ಸಣ್ಣ ಮೀನುಗಳು ಬಂದು ಹಿಮ್ಮಡಿ ಮುಟ್ಟಿ ಹೋಗುತ್ತಿದ್ದವು. ಆಚೆ ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ಬಟ್ಟೆ ಒಗೆಯುತ್ತಿದ್ದಳು. ಬಟ್ಟೆ ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತಿತ್ತು, ಸಪ್ಪಳ ಒಂದು ಕ್ಷಣ ಬಿಟ್ಟು ನಮ್ಮ ಕಡೆ ಬರುತ್ತಿತ್ತು. ಅದನ್ನು ನೋಡುತ್ತ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಏನೂ ಆಗದ ದಿನ ಅದು. ಈಗ ನೆನೆದರೆ ಆ ದಿನಕ್ಕೆ ಬಿಸಿಲು ಇತ್ತೋ ಮೋಡ ಇತ್ತೋ ಅದೂ ಹೊಳೆಯುವುದಿಲ್ಲ, ಬರೀ ಬೆಳಕು ಇತ್ತು ಅನ್ನಿಸುತ್ತದೆ.

ಸಂಜೆ ಬೆಳಗಾವಿಗೆ ತಿರುಗಿ ಬರುವಾಗ ಬಸ್ಸಿನಲ್ಲಿ ಹೂಜಿ ನನ್ನ ತೊಡೆಯ ಮೇಲೆ ಇತ್ತು. ಇವರು ಕಿಟಕಿಯ ಹೊರಗೆ ನೋಡುತ್ತಿದ್ದವರು ತಟ್ಟನೆ ಅಂದರು, “ಶಾಂತಾ, ಒಂದ ಕಲಮು ಉಳದೈತಿ ನೋಡು.”

“ಯಾವುದ್ರಿ?”

“ಹುಸೇನಬಿದು. ನಾಳೆ ಕುಂತು ಬರದ ಬಿಡತೇನಿ.”

“ಐದ ವರ್ಷದಿಂದ ನಾಳೆ ಅಂತೀರಿ,” ಅಂದೆ. ಇವರು ನಕ್ಕರು.

ಈ ಕಲಮಿನ, ಅಂದರೆ ಓಣಿಯ ನಿಯಮದ ಒಂದು ಅಂಶದ, ಸಂಗತಿ ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಮ್ಮದು ಶಹಾಪುರದಲ್ಲಿ ನೇಕಾರರ ಓಣಿ. ಈಗ ಎಲ್ಲರ ಮನೆಯಲ್ಲೂ ಪವರ್‌ಲೂಮ್. ಕೈಮಗ್ಗ ಉಳಿದಿರುವುದು ನಮ್ಮಲ್ಲಿ ಒಂದೇ, ಅದು ತೀರಿಹೋದ ನನ್ನ ಅತ್ತೆಯದು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಟ್ಟು ಕುಳಿತು ನೇಯುವ ಮಗ್ಗ. ಮದುವೆಯಾಗಿ ಬಂದಾಗ ನನಗೆ ನೇಯಲು ಬರುತ್ತಿರಲಿಲ್ಲ. ಕಲಿಸಿದ್ದು ಅತ್ತೆ, ಅತ್ತೆಗಿಂತ ಹೆಚ್ಚು ಬಾಜು ಮನೆಯ ಹುಸೇನಬಿ. ನಮ್ಮ ಮಗ್ಗಕ್ಕೆ ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಕೊಳವೆ, ಸುತ್ತಿಕೊಡುತ್ತಿದ್ದವಳು ಅವಳೇ. ಅವಳ ಮಗ ಇಕ್ಬಾಲ ನಮ್ಮ ಮನೆಯವರ ಸಣ್ಣಂದಿನ ಗೆಳೆಯ.

ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಗ್ಗ ನಿಲ್ಲಿಸುವುದು ಹಿಂದಿನಿಂದ ಬಂದ ಪದ್ಧತಿ. ಎಷ್ಟು ಹೊತ್ತು, ಎಷ್ಟು ಮನೆ ಎಂಬುದಕ್ಕೆ ಲೆಕ್ಕ ಇರಲಿಲ್ಲ. ಆರು ವರ್ಷದ ಹಿಂದೆ ಒಬ್ಬ ದೊಡ್ಡ ಮಗ್ಗದ ಮಾಲೀಕರ ತಂದೆ ಹೋದಾಗ ಒಂದೂವರೆ ದಿನ ಓಣಿ ಸುಮ್ಮನಿತ್ತು. ಅದೇ ತಿಂಗಳು ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ಕೂಲಿ ಹೆಣ್ಣುಮಗಳು ಹೋದಳು. ಅವಳ ಹೆಣ ಇನ್ನೂ ಬಾಗಿಲಲ್ಲಿ ಇರುವಾಗಲೇ ಒಂದು ತಾಸಿಗೆ ಮಗ್ಗಗಳು ಶುರುವಾದವು. ಇವರು ಅವತ್ತು ಉಣ್ಣಲಿಲ್ಲ.

ಇವರು ಬಿ.ಎ.ದಲ್ಲಿ ನೀತಿಶಾಸ್ತ್ರ ಓದಿದವರು. ಆಮೇಲೆ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದರೂ ಆ ಓದು ಬಿಟ್ಟಿರಲಿಲ್ಲ. ಒಂದು ಕೆಲಸ ಸರಿಯೋ ತಪ್ಪೋ ಎಂದು ತೂಗಲು ಅವರ ಹತ್ತಿರ ಎರಡು ಪ್ರಶ್ನೆ ಇದ್ದವು. ಎಲ್ಲರೂ ಹಿಂಗೇ ಮಾಡಿದರೆ ಏನಾಗುತ್ತದೆ? ಎಷ್ಟು ಮಂದಿಗೆ ಸುಖ, ಎಷ್ಟು ಮಂದಿಗೆ ದುಃಖ? ಕಾಯಿಪಲ್ಯ ಮಾರುವವಳಿಗೆ ನಾನು ಸಣ್ಣ ಸುಳ್ಳು ಹೇಳಿದರೂ ಮೊದಲನೆಯ ಪ್ರಶ್ನೆ ಬರುತ್ತಿತ್ತು. “ಎಲ್ಲಾರೂ ನಿಮ್ಮಂಗ ಕೇಳಕೋತ ಕುಂತ್ರ ಅಡಗಿ ಯಾರು ಮಾಡಬೇಕ್ರಿ?” ಎಂದು ನಾನು ಹೇಳಿದರೆ, “ಅದೂ ಒಂದ ಪ್ರಶ್ನೆನ,” ಎಂದು ಯೋಚಿಸುತ್ತ ಕುಳಿತುಬಿಡುತ್ತಿದ್ದರು.

ಆ ಕೂಲಿ ಹೆಣ್ಣುಮಗಳ ಸಲುವಾಗಿ ಇವರು ಓಣಿಯ ಪಂಚರನ್ನು ಕೂಡಿಸಿ ಒಂದು ವಹಿಯಲ್ಲಿ ನಿಯಮ ಬರೆದರು. ಸತ್ತವರು ಮಾಲೀಕರಿರಲಿ, ಬಾಡಿಗೆಯವರಿರಲಿ, ಯಾವ ಜಾತಿಯವರೇ ಇರಲಿ, ಸುದ್ದಿ ಬಂದ ಕೂಡಲೇ ಓಣಿಯ ಎಲ್ಲ ಮಗ್ಗ ನಿಲ್ಲಬೇಕು. ಹೆಣ ಓಣಿಯ ತುದಿ ದಾಟಿದ ಕೂಡಲೇ ಎಲ್ಲರೂ ಶುರು ಮಾಡಬಹುದು. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆ ಇಲ್ಲ. ಎಲ್ಲರೂ ಸಹಿ ಹಾಕಿದರು. ಒಳ್ಳೆಯ ನಿಯಮ ಅದು. ಆಮೇಲೆ ಓಣಿಯಲ್ಲಿ ಈ ವಿಷಯಕ್ಕೆ ಜಗಳ ಆಗಲಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನಿಯಮ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು.

ತೊಡಕು ಹುಸೇನಬಿಯಿಂದ ಬಂತು. ಇಕ್ಬಾಲ ತೀರಿ ಇಪ್ಪತ್ತು ವರ್ಷವಾಗಿತ್ತು. ಅವನು ಹೋದ ದಿನ ಹುಸೇನಬಿ ಒಳಗೆ ಕಂಡಿಕೆ ಸುತ್ತುತ್ತಿದ್ದಳಂತೆ. ಯಾರೂ ಹೇಳುವ ಮುಂಚೆ ಮಗ್ಗಗಳು ನಿಂತವು, ಅವಳಿಗೆ ತಿಳಿಯಿತು. ಮುಂದೆ ಎಂಬತ್ತು ದಾಟಿ ಕಣ್ಣು ಮಂಜಾಗಿ ನೆನಪು ಕೈಬಿಟ್ಟ ಮೇಲೆ ಅವಳ ಪಾಲಿಗೆ ಮಗ ಒಂದು ದಿನ ಇರುತ್ತಿದ್ದ, ಒಂದು ದಿನ ಇರುತ್ತಿರಲಿಲ್ಲ. ಕರೆಂಟು ಹೋಗಿ ಪವರ್‌ಲೂಮ್ ನಿಂತರೆ ಅವಳು ಹೆದರುತ್ತಿರಲಿಲ್ಲ, ಯಾಕೆಂದರೆ ಗೋಡೆಯಾಚೆ ನಮ್ಮ ಕೈಮಗ್ಗ ಬಡಿಯುತ್ತಿತ್ತು. ಹಗಲಲ್ಲಿ ಎಲ್ಲವೂ ಒಟ್ಟಿಗೆ ನಿಂತರೆ ಮಾತ್ರ ಅವಳಿಗೆ ಇಕ್ಬಾಲ ಅದೇ ಈಗ ಸತ್ತಂತೆ. ಪ್ರತಿ ಸಲವೂ ಹೊಸದಾಗಿ. ಅದಕ್ಕೇ ಓಣಿಯಲ್ಲಿ ಸಾವಾದರೆ ಅವಳ ಸೊಸೆ, ಇಕ್ಬಾಲನ ಹೆಂಡತಿ ಶಾಹಿದಾ, ಮೊದಲು ಆಟೋ ತಂದು ಅವಳನ್ನು ಅನಗೋಳದ ತನ್ನ ತಂಗಿಯ ಮನೆಗೆ ಒಯ್ಯುತ್ತಿದ್ದಳು. ಇವರಿಗೆ ಅದು ಸಮಾಧಾನ ಇರಲಿಲ್ಲ. “ನಿಯಮದಾಗ ಆಕಿಗೆ ಜಾಗಾ ಇಲ್ಲಂದ್ರ ಅದು ನಿಯಮದ ತಪ್ಪು,” ಅನ್ನುತ್ತಿದ್ದರು.

ಖಾನಾಪುರದಿಂದ ಬಂದ ಮರುದಿನ ಬೆಳಿಗ್ಗೆ ಇವರು ಚಹಾ ಕುಡಿದು ಕಪ್ಪು ನೆಲಕ್ಕಿಟ್ಟರು. “ಯಾಕೋ ಬೆನ್ನ ಹಿಡದಂಗ ಆಗೇತಿ,” ಅಂದರು. ಗೋಡೆಗೆ ಒರಗಿದರು. ನಾನು ಒಳಗಿನಿಂದ ಎಣ್ಣೆಯ ಬಾಟಲಿ ತರುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಬಂದು ನೋಡಿ ನನ್ನ ಮುಖ ನೋಡದೆ ಹೊರಗೆ ನಿಂತವರ ಜೊತೆ ಮಾತಾಡಿದರು.

ನನ್ನ ಕೂಗು ಕೇಳಿ ಮೊದಲು ಓಡಿ ಬಂದವಳು ಶಾಹಿದಾ. ಅನಗೋಳದಲ್ಲಿ ಸಾಲಿ ಕಲಿಸುವ ನನ್ನ ಮಗಳು ವಿದ್ಯಾಳಿಗೆ ಫೋನು ಮಾಡಿದವಳು, ಅಣ್ಣನಿಗೆ ತಿಳಿಸಿದವಳು, ನನ್ನನ್ನು ಹಿಡಿದು ಕೂಡಿಸಿದವಳು ಅವಳೇ. ಈ ಗದ್ದಲದಲ್ಲಿ ತನ್ನ ಅತ್ತೆ ಹುಸೇನಬಿಯನ್ನು ಅನಗೋಳಕ್ಕೆ ಕಳಿಸುವುದು ಅವಳಿಗೆ ಮರೆತುಹೋಯಿತು. ನನ್ನ ಮೇಲಿನ ಜೀವಕ್ಕೆ ಮರೆತಳು, ಅದನ್ನು ತಪ್ಪೆಂದು ಹೇಗೆ ಹೇಳಲಿ?

ಮಗ್ಗಗಳು ಒಂದೊಂದಾಗಿ ನಿಂತವು. ಓಣಿಯ ಆ ತುದಿಯಿಂದ ಶುರುವಾಗಿ ನಮ್ಮ ಕಡೆಗೆ ಬರುತ್ತ ನಿಂತವು, ಯಾರೋ ನಡೆದು ಬಂದು ಒಂದೊಂದೇ ದೀಪ ಆರಿಸಿದ ಹಾಗೆ. ಕೊನೆಯದು ನಿಂತಾಗ ಹಿತ್ತಲ ನಲ್ಲಿಯ ಹನಿ ಬೀಳುವುದು ಕೇಳಿಸಿತು. ಇಷ್ಟು ವರ್ಷದಲ್ಲಿ ಆ ನಲ್ಲಿ ಸೋರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಇವರ ಪಕ್ಕದಲ್ಲಿ ಕುಳಿತು ಆ ಹನಿಯನ್ನೇ ಕೇಳುತ್ತಿದ್ದೆ. ಅಳು ಬರಲಿಲ್ಲ. ಮಂದಿ ಬರುತ್ತಿದ್ದರು, ಕೂಡುತ್ತಿದ್ದರು. ಎಲ್ಲರೂ ನೀರಿನ ಅಡಿಯಲ್ಲಿ ನಡೆದಾಡಿದ ಹಾಗೆ ಕಾಣುತ್ತಿತ್ತು.

ಹನ್ನೆರಡರ ಸುಮಾರಿಗೆ ಬಾಗಿಲಲ್ಲಿ ಗದ್ದಲವಾಯಿತು. ಅಷ್ಟು ಹೊತ್ತು ಮಲಗಿದ್ದ ಹುಸೇನಬಿ ಎದ್ದು ಬರಿಗಾಲಲ್ಲಿ, ತಲೆಯ ಮೇಲೆ ಸೆರಗಿಲ್ಲದೆ ಬಂದಿದ್ದಳು. ಮಂದಿಯನ್ನು ಕೈಯಿಂದ ಸರಿಸುತ್ತ ನೇರ ಬಂದು ಇವರ ಕಾಲು ಹಿಡಿದು ಕುಳಿತಳು.

“ಇಕ್ಬಾಲ್, ಏಳಪಾ. ಏಳೋ ಬೇಟಾ. ನಾ ಒಳಗ ಇದ್ನಿ, ನಂಗ ಯಾರೂ ಹೇಳಲಿಲ್ಲೋ.”

ಓಣಿಯ ಪಂಚರಲ್ಲಿ ಒಬ್ಬನಾದ ಪರಶುರಾಮ ಬಗ್ಗಿ, “ಅಜ್ಜಿ, ಇಂವ ನಿನ್ನ ಮಗ ಅಲ್ಲ. ನಿನ್ನ ಮಗ ಹೋಗಿ ಇಪ್ಪತ್ತ ವರ್ಷಾತು,” ಅಂದ. ಅವನು ಹೇಳಿದ್ದು ನಿಜ. ಹುಸೇನಬಿ ಅವನ ಕಡೆ ತಿರುಗಿ, “ಹೋದ್ನಾ? ಇಕ್ಬಾಲನೂ ಹೋದ್ನಾ?” ಎಂದು ಕೇಳಿದಳು. ಮೊದಲು ಒಂದು ಸಾವಿತ್ತು, ಈಗ ಎರಡಾದವು. ಅವಳು ನೆಲಕ್ಕೆ ತಲೆ ಬಡಿದುಕೊಳ್ಳತೊಡಗಿದಳು. ಹಣೆಯ ಚರ್ಮ ಸುಲಿಯಿತು.

ಶಾಹಿದಾ ಓಡಿ ಬಂದು ತಬ್ಬಿ ಹಿಡಿದು, “ಅಮ್ಮಾ, ಅವರು ಅಂಗಡಿಗೆ ಹೋಗ್ಯಾರ, ಈಗ ಬರತಾರ,” ಎಂದು ಸುಳ್ಳು ಹೇಳಿದಳು.

“ಅಂಗಡಿಗೆ ಹೋಗಿದ್ರ ಮಗ್ಗ ಯಾಕ ನಿಂತಾವು? ನಂಗ ಕಿವಿ ಅದಾವು,” ಅಂದಳು ಹುಸೇನಬಿ.

ನಿಜ ಹೇಳಿದರೂ ಆಗಲಿಲ್ಲ, ಸುಳ್ಳು ಹೇಳಿದರೂ ಆಗಲಿಲ್ಲ. “ಎತ್ತಿಕೊಂಡ ಹೋಗ್ರಿ ಆಕಿನ್ನ,” ಅಂದರು ಯಾರೋ. ಇಬ್ಬರು ತೋಳು ಹಿಡಿದರು. ಅವಳು ಇವರ ಪಾದ ಬಿಡಲಿಲ್ಲ. ಆ ಪಾದ, ನಿನ್ನೆ ಹೊಳೆಯಲ್ಲಿ ಇಳಿಬಿಟ್ಟ ಪಾದ, ಅವಳ ಎಳೆತಕ್ಕೆ ಅಲುಗಾಡಿತು.

ಆಗ ನಾನು ಎದ್ದೆ. ಏನನ್ನೂ ಯೋಚಿಸಲಿಲ್ಲ. ಯೋಚಿಸಿ ಮಾಡಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಒಳಕೋಣೆಗೆ ಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಸಿ ಕುಳಿತೆ. ಸೂತಕದಲ್ಲಿ ಮಗ್ಗ ಮುಟ್ಟಬಾರದು, ಅದು ಹತ್ತು ವರ್ಷದ ಕೂಸಿಗೂ ಗೊತ್ತು. ಹಗ್ಗ ಜಗ್ಗಿದೆ, ಲಾಳಿ ಓಡಿತು, ನೂಲು ಒತ್ತುವ ಹಲಗೆ ಬಡಿದೆ. ಎರಡನೆಯ ಸಲ. ಮೂರನೆಯ ಸಲ. ಹೊರಗಿನ ಮಾತೆಲ್ಲ ನಿಂತಿತು. ಓಣಿಗೆ ಓಣಿಯೇ ಸುಮ್ಮನಿದ್ದಾಗ ಒಂದು ಕೈಮಗ್ಗದ ಸಪ್ಪಳ ಎಷ್ಟು ದೊಡ್ಡದು ಎಂದು ನನಗೆ ಅವತ್ತು ತಿಳಿಯಿತು.

“ಅಕ್ಕಾ, ಇದೇನ ಮಾಡಾಕತ್ತೀರಿ?” ಎಂದು ಪರಶುರಾಮ ಬಾಗಿಲಿಗೆ ಬಂದ. “ಹೆಣ ಮನ್ಯಾಗ ಐತಿ. ನಿಯಮ ಬರದವರ ಹೆಣ ಐತಿ.”

ನಾನು ಮತ್ತೆ ಹಗ್ಗ ಜಗ್ಗಿದೆ.

ಅವನ ಹಿಂದೆ ಹುಸೇನಬಿ ಗೋಡೆ ಹಿಡಿದುಕೊಂಡು ಬಂದಳು. ಮುಖ ಸಪ್ಪಳದ ಕಡೆ ಇತ್ತು. ಹಣೆಯ ಮೇಲೆ ರಕ್ತ ಒಣಗುತ್ತಿತ್ತು. ಮೂಲೆಯ ರಾಟಿಯ ಮುಂದೆ, ತನ್ನ ಹಳೆಯ ಜಾಗದಲ್ಲಿ, ಮೊಣಕಾಲು ಮಡಚಿ ಕುಳಿತಳು.

“ಇವತ್ಯಾಕ ತಡಾ ಮಾಡಿದಿ ಶಾಂತಾ?”

“ಸ್ವಲ್ಪ ಕೆಲಸಿತ್ತವ್ವಾ.”

“ಕಂಡಿಕಿ ಅದಾವೋ?”

“ಎರಡ ಅದಾವು. ಸುತ್ತು.”

ಅವಳು ಸುತ್ತತೊಡಗಿದಳು. ಬೆರಳುಗಳಿಗೆ ಎಲ್ಲ ನೆನಪಿತ್ತು. ನೂಲು ಹರಿದರೆ ನಾನು ನಿಲ್ಲಿಸಿ ಗಂಟು ಹಾಕಬೇಕಾಗುತ್ತಿತ್ತು, ಅಷ್ಟರಲ್ಲೇ ಅವಳ ಕೈಯೂ ನಿಲ್ಲುತ್ತಿತ್ತು, ಕತ್ತು ಮೇಲೇಳುತ್ತಿತ್ತು. ನಾನು ಲಗೂನೆ ಹಲಗೆ ಬಡಿಯುತ್ತಿದ್ದೆ. ನಡುವೆ ಒಮ್ಮೆ, “ಆ ಹೊರಗ ಯಾಕಿಷ್ಟ ಮಂದಿ?” ಎಂದು ಕೇಳಿದಳು. “ನಮ್ಮವರನ್ನ ನೋಡಾಕ ಬಂದಾರ,” ಅಂದೆ. “ದೊಡ್ಡ ಮನಶ್ಯಾ ಆಗ್ಯಾನ ಹಂಗಾದ್ರ,” ಎಂದು ನಕ್ಕಳು. ಆಗ ಮಾತ್ರ ನನ್ನ ಕಣ್ಣಲ್ಲಿ ನೀರು ಬಂದು ನೂಲಿನ ಎಳೆಗಳೆಲ್ಲ ಕೂಡಿಕೊಂಡು ಒಂದೇ ಬಿಳಿ ಹೊಳೆ ಹರಿದ ಹಾಗೆ ಕಂಡಿತು. ಕಾಲು ತುಳಿಯುತ್ತಿತ್ತು, ಕೈ ಜಗ್ಗುತ್ತಿತ್ತು. ನಾನು ಎಲ್ಲಿದ್ದೇನೆ ಎಂಬುದೇ ಮರೆಯಿತು. ಹೊಸದಾಗಿ ಮದುವೆಯಾಗಿ ಬಂದ ವರ್ಷವೋ ಏನೋ ಅನ್ನಿಸಿತು.

ಮೂರು ಗಂಟೆಗೆ ವಿದ್ಯಾ ಬಾಗಿಲಿಗೆ ಬಂದಳು.

“ಅವ್ವಾ, ಎತ್ತತಾರ. ಬಾ.”

ಮಗ್ಗದ ಕುಣಿಯಲ್ಲಿ ಕುಳಿತರೆ ಮುಂದಿನ ಬಾಗಿಲು ಕಾಣುವುದಿಲ್ಲ. ನಡುವೆ ಗೋಡೆ. ಕೈಮಗ್ಗ ನಡೆಸಲು ಬರುವವರು ಆ ಓಣಿಯಲ್ಲಿ ಹುಸೇನಬಿಯನ್ನೂ ನನ್ನನ್ನೂ ಬಿಟ್ಟರೆ ಯಾರೂ ಇರಲಿಲ್ಲ. ಶಾಹಿದಾ ಕಣ್ಣಿನಿಂದಲೇ ‘ಹೋಗ್ರಿ’ ಅಂದಳು. ನಾನು ಹುಸೇನಬಿಯನ್ನು ನೋಡಿದೆ. ಅವಳು ರಾಟಿಯ ಕಡೆ ಕಿವಿ ಬಗ್ಗಿಸಿ ಅದರ ಸದ್ದು ಕೇಳುತ್ತ ಸುತ್ತುತ್ತಿದ್ದಳು, ಮುಖ ಶಾಂತವಾಗಿತ್ತು.

“ನೀವು ಹೋಗ್ರಿ,” ಅಂದೆ.

“ಅವ್ವಾ, ಅಪ್ಪಾ ಹೊಂಟಾರ.”

“ಗೊತ್ತೈತಿ ವಿದ್ಯಾ. ಹೋಗ್ರಿ.”

ಐದು ನಿಮಿಷ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಲ್ಲರೂ ಕೇಳಿದರು. ನಾನೂ ಕೇಳಿಕೊಂಡಿದ್ದೇನೆ. ನಿಲ್ಲಿಸಬಹುದಿತ್ತು. ಅವಳು ಅತ್ತಿದ್ದರೆ ಎರಡು ತಾಸು ಅಳುತ್ತಿದ್ದಳು, ಆಮೇಲೆ ಮರೆಯುತ್ತಿದ್ದಳು. ನನಗೆ ಸಿಗಬೇಕಾದದ್ದು ಜೀವಮಾನದಲ್ಲಿ ಒಂದೇ ಸಲ ಸಿಗುವಂಥದ್ದು. ತಕ್ಕಡಿಯಲ್ಲಿ ಇಟ್ಟರೆ ಯಾವ ಕಡೆ ಭಾರ ಎಂದು ಸಣ್ಣ ಹುಡುಗರೂ ಹೇಳುತ್ತಾರೆ. ಆದರೂ ಕೈ ಹಗ್ಗ ಬಿಡಲಿಲ್ಲ. ಗೋಡೆಯಾಚೆ ಕಾಲ ಸಪ್ಪಳ ಕೇಳಿದೆ, ಗಂಡಸರು ಒಬ್ಬರಿಗೊಬ್ಬರು ಸಣ್ಣ ದನಿಯಲ್ಲಿ “ಹುಷಾರಿ, ಹೊಸ್ತಿಲಾ” ಎಂದದ್ದು ಕೇಳಿದೆ, ವಿದ್ಯಾಳ ಅಳು ಕೇಳಿದೆ. ಅದೆಲ್ಲ ದೂರವಾಯಿತು. ಹೊರಗೆ ಯಾರೂ ಇಲ್ಲದ ಮನೆಯಲ್ಲಿ ನಾವು ಮೂವರು ಹೆಂಗಸರು ಉಳಿದೆವು.

ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಪವರ್‌ಲೂಮ್ ಶುರುವಾಯಿತು. ನಿಯಮದ ಪ್ರಕಾರ. ಆಮೇಲೆ ಇನ್ನೊಂದು, ಮತ್ತೊಂದು. ಎಲ್ಲ ಮಗ್ಗಗಳ ಗದ್ದಲ ತುಂಬಿಕೊಂಡ ಮೇಲೆ ನಾನು ನನ್ನದನ್ನು ನಿಲ್ಲಿಸಿದೆ. ಹುಸೇನಬಿಗೆ ಗೊತ್ತೇ ಆಗಲಿಲ್ಲ.

ಅವತ್ತು ನೇಯ್ದದ್ದು ಒಂದು ಗೇಣು. ಬಡಿತ ಒಂದೊಂದು ಕಡೆ ಒಂದೊಂದು ಥರ ಇತ್ತು, ಕೈ ಆಡಿಸಿದರೆ ತಿಳಿಯುತ್ತಿತ್ತು. ಹನ್ನೊಂದನೆಯ ದಿನ ಕಳೆದ ಮೇಲೆ ಆ ಸೀರೆ ಮುಗಿಸಿ ಅಂಗಡಿಗೆ ಕೊಟ್ಟೆ. ಯಾರು ಉಟ್ಟಿದ್ದಾರೋ ಗೊತ್ತಿಲ್ಲ.

ಅಣ್ಣ ನನ್ನನ್ನು ಒಂದು ತಿಂಗಳು ಖಾನಾಪುರಕ್ಕೆ ಕರೆದುಕೊಂಡು ಹೋದ. ವಿದ್ಯಾ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಹೊರಡುವ ದಿನ ಮಾತ್ರ, “ಬಾಜು ಮನಿ ಅಜ್ಜಿ ಅಪ್ಪಗಿಂತ ಹೆಚ್ಚಾದ್ಲನ ಅವ್ವಾ?” ಎಂದು ಕೇಳಿದ್ದಳು. ನಾನು ಇಲ್ಲ ಅಂದಿದ್ದೆ. “ಮತ್ತ?” ಅಂದಿದ್ದಳು.

ಅಣ್ಣನೂ ಮುಚ್ಚುಮರೆ ಮಾಡಲಿಲ್ಲ. “ತಪ್ಪ ಮಾಡಿದಿ ಶಾಂತಾ. ನಾನಾಗಿದ್ರ ಎದ್ದ ಹೋಗತಿದ್ನಿ. ಗಂಡ ಅಂದಮ್ಯಾಲ ಗಂಡ,” ಅಂದ.

ಅತ್ತಿಗೆ ಒಲೆಯ ಮುಂದಿನಿಂದ, “ಗಪ್ಪ ಬಸಾ ಹೋ ತುಮ್ಹಿ,” ಎಂದು ಮರಾಠಿಯಲ್ಲೇ ಗದರಿಸಿ ಅವನನ್ನು ಸುಮ್ಮನೆ ಕೂಡಿಸಿದಳು. ಆಮೇಲೆ ನನಗೆ, “ಇವರೇನ ಎದ್ದ ಹೋಗತಾರ? ನನ್ನ ಹೆರಿಗಿ ದಿವಸ ಭಟ್ಟಿ ಬಿಟ್ಟ ಬರಲಿಲ್ಲ. ಬೆಂಕಿ ಹಾಕೇನಿ, ಹಂಚ ಕೆಡತಾವು ಅಂದ್ರು,” ಅಂದಳು.

“ಅದ ಬ್ಯಾರೆ,” ಅಂದ ಅಣ್ಣ.

“ಎಲ್ಲಾ ಬ್ಯಾರೆನ,” ಅಂದಳು ಅತ್ತಿಗೆ.

ಇವರ ವಹಿಯನ್ನು ನಾನು ಜೊತೆಗೆ ಒಯ್ದಿದ್ದೆ. ಹೊಳೆಯ ದಂಡೆಯಲ್ಲಿ ಕುಳಿತು ಓದಿದೆ. ಗುಂಡಗಿನ ಅಕ್ಷರ, ಒಂದೊಂದು ನಿಯಮಕ್ಕೂ ಒಂದು ಕಾರಣ. ಕೊನೆಯ ಪುಟದ ಮೇಲೆ ‘ಹುಸೇನಬಿ’ ಎಂದು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದರು. ಅದರ ಕೆಳಗೆ, ‘ಅತಿ ವಯಸ್ಸಾದವರು ಇರುವ ಮನೆಯ ಹತ್ತಿರ ಒಂದು ಮಗ್ಗ ನಡೆಸಬಹುದು’ ಎಂದು ಬರೆದು ಹೊಡೆದುಹಾಕಿದ್ದರು. ‘ಬುದ್ಧಿ ಸ್ತಿಮಿತ ಇಲ್ಲದವರು ಇದ್ದಲ್ಲಿ’ ಎಂದು ಬರೆದು ಅದನ್ನೂ ಹೊಡೆದಿದ್ದರು. ಪಕ್ಕದಲ್ಲಿ ಸಣ್ಣಗೆ, ‘ಹಾಗಾದರೆ ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ.’ ಹಾಗೆ ಆರು ಸಲ ಬರೆದು ಆರು ಸಲ ಹೊಡೆದಿದ್ದರು. ಐದು ವರ್ಷ ಇವರು ಇದನ್ನು ಬಿಟ್ಟಿರಲಿಲ್ಲ. ನಾನು ನಾಳೆ ನಾಳೆ ಎಂದು ಅವರನ್ನು ನಗೆಯಾಡುತ್ತಿದ್ದೆ.

ಅಲ್ಲೇ ಕಲ್ಲಿಗೆ ಒರಗಿದವಳಿಗೆ ನಿದ್ದೆ ಹತ್ತಿತು. ಬಟ್ಟೆ ಒಗೆಯುವ ಸಪ್ಪಳವೋ ಹಲಗೆ ಬಡಿಯುವ ಸಪ್ಪಳವೋ ತಿಳಿಯಲಿಲ್ಲ. ಇವರು ನೀರಿನಲ್ಲಿ ನಿಂತು, “ಎಲ್ಲಾರೂ ಹಂಗ ಮಾಡಿದ್ರ ಏನಾಗತೈತಿ ಶಾಂತಾ?” ಎಂದು ಕೇಳಿದರು. “ಎಲ್ಲಾರ ಬಾಜೂಕ ಹುಸೇನಬಿ ಇಲ್ಲರಿ,” ಅಂದೆ. ಅವರು ಏನೋ ಅನ್ನಲು ಬಾಯಿ ತೆರೆದರು. ಎಚ್ಚರವಾಯಿತು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಹುಸೇನಬಿ ಹೋದಳು. ಬೆಳಿಗ್ಗೆ ನಿದ್ದೆಯಲ್ಲೇ ಹೋದಳು. ಓಣಿಯ ಮಗ್ಗಗಳು ನಿಂತವು. ನಾನು ಶಾಹಿದಾಳ ಹತ್ತಿರ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಎದುರು ಸಾಲಿನಲ್ಲಿ ಪವರ್‌ಲೂಮ್ ಸದ್ದು ಬಂತು. ಶಾಹಿದಾ ತಲೆ ಎತ್ತಲಿಲ್ಲ, ಆದರೆ ಅವಳ ಬೆನ್ನು ಬಿಗಿಯಾಯಿತು.

ಹೋಗಿ ನೋಡಿದರೆ ಪರಶುರಾಮನ ಮಗ್ಗ. ಲಗ್ನದ ಸೀರೆಗಳ ಕೆಲಸ ಹಿಡಿದಿದ್ದ, ಮರುದಿನ ಕೊಡಬೇಕಿತ್ತು. ಕೆಟ್ಟವನಲ್ಲ ಅವನು. ಇವರಿಗೆ ಮೊದಲು ಹೆಗಲು ಕೊಟ್ಟವನೇ ಅವನು.

“ಪರಶುರಾಮ, ನಿಲ್ಲಸಪಾ,” ಅಂದೆ.

“ಅಕ್ಕಾ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳತೇನಿ. ನಿಮ್ಮ ಯಜಮಾನರ ಹೆಣ ಇದ್ದಾಗ ನೀವು ನಡಸಿದ್ರಿ. ಅದು ಸರಿ ಅಂದ್ರ ಇದೂ ಸರಿ. ಇದು ತಪ್ಪಂದ್ರ ಅದೂ ತಪ್ಪು. ಹೌದಲ್ರಿ? ಮತ್ತ ಅಜ್ಜಿಗೆ ಮಗ್ಗದ ಸಪ್ಪಳ ಅಂದ್ರ ಜೀವ. ಆಕಿಗೆ ಸಮಾಧಾನನ ಆಗತೈತಿ.”

ಅವನ ಮಾತು ನೂಲಿನ ಹಾಗೆ ನೆಟ್ಟಗಿತ್ತು. ಎಲ್ಲಿಯೂ ತೊಡಕು ಕಾಣಲಿಲ್ಲ. ನಮ್ಮ ಮನೆಯವರಿದ್ದರೆ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರೋ ಏನೋ. ಹತ್ತನೆಯ ತರಗತಿ ಪಾಸಾದ ನನಗೆ ಅದು ಆಗಲಿಲ್ಲ. ಎರಡೂ ಒಂದೇ ಅಲ್ಲ ಎಂಬುದು ಮಾತ್ರ ಗೊತ್ತಿತ್ತು, ಹೇಗೆ ಗೊತ್ತು ಎಂಬುದು ಗೊತ್ತಿರಲಿಲ್ಲ.

“ನಂಗ ಉತ್ತರ ಬರೂದಿಲ್ಲ,” ಅಂದೆ. “ಒಂದ ಐದ ಮಿನಿಟ ನನ್ನ ಜೋಡಿ ಬಾ.”

“ಎಲ್ಲಿಗ್ರಿ?”

“ಬಾ ಅಂದ್ನೆಲಾ.”

ಮಗ್ಗ ನಡೆದಿರುವಂತೆಯೇ ಬಿಟ್ಟು ಬಂದ. ಹುಸೇನಬಿಯ ಮನೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿದೆ. ಒಳಗೆ ಅವಳು ಚಾದರದ ಕೆಳಗೆ ಮಗುವಿನಷ್ಟು ಸಣ್ಣಗೆ ಮಲಗಿದ್ದಳು. ಶಾಹಿದಾ ಅವಳ ಕಾಲ ಹತ್ತಿರ ಕುಳಿತಿದ್ದಳು. ಎದುರಿನಿಂದ ಅವನದೇ ಮಗ್ಗದ ಗಡಗಡ ಆ ಕೋಣೆಯೊಳಗೆ ಬರುತ್ತಿತ್ತು, ಗೂಡಿನಲ್ಲಿಟ್ಟ ಸ್ಟೀಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಶಾಹಿದಾ ಎದ್ದು ಆ ಲೋಟ ತೆಗೆದು ನೆಲಕ್ಕಿಟ್ಟು ಮತ್ತೆ ಬಂದು ಕುಳಿತಳು.

ಪರಶುರಾಮ ಚಪ್ಪಲಿ ಮೆಟ್ಟಿಕೊಂಡು ಹೋದ. ಮಗ್ಗ ನಿಂತಿತು. ಸಂಜೆ ಮಣ್ಣಿಗೆ ಹೋದವರಲ್ಲಿ ಅವನೂ ಇದ್ದ.

ಆಮೇಲೆ ಪಂಚರು ನನ್ನನ್ನು ಕರೆದರು. ಇನ್ನು ಮುಂದೆ ಇಂಥ ಗೊಂದಲ ಆಗಬಾರದು, ಅವತ್ತು ನೀವು ಯಾಕೆ ನಡೆಸಿದಿರಿ ಎಂದು ಹೇಳಿ, ಅದನ್ನೊಂದು ಕಲಮು ಮಾಡಿ ವಹಿಯಲ್ಲಿ ಬರೆದುಕೊಳ್ಳುತ್ತೇವೆ ಅಂದರು. ಪರಶುರಾಮನೇ ಪೆನ್ನು ಹಿಡಿದು ಕುಳಿತಿದ್ದ. ನಾನು ಹೇಳಲು ನೋಡಿದೆ. ಮುದುಕಿ ಇದ್ದಳು ಅಂದೆ. ಎಷ್ಟು ವಯಸ್ಸಿನ ಮೇಲೆ ಎಂದು ಬರೆಯೋಣ ಎಂದು ಕೇಳಿದರು. ಅಳುತ್ತಿದ್ದಳು ಅಂದೆ. ಸಾವಿನಲ್ಲಿ ಎಲ್ಲರೂ ಅಳುತ್ತಾರೆ ಅಂದರು. ನನಗೆ ನೇಯಲು ಕಲಿಸಿದವಳು ಅಂದೆ. ಯಾರೋ ನಕ್ಕರು, ಕೆಟ್ಟ ನಗು ಅಲ್ಲ.

“ಬರೀಬ್ಯಾಡ್ರಿ ಅದನ್ನ,” ಅಂದೆ. “ನಿಯಮ ಹೆಂಗ ಐತಿ ಹಂಗ ಇರಲಿ. ಅದು ಚಲೋ ಐತಿ. ನಾ ಅದನ್ನ ಮುರದೇನಿ ಅಂತ ಬೇಕಾದ್ರ ಬರಕೋರ್ರಿ.”

“ಹಂಗ ಬರದ್ರ ದಂಡಾ ಹಾಕಬೇಕಾಗತೈತಲ್ರಿ ಅಕ್ಕಾ,” ಅಂದ ಪರಶುರಾಮ.

“ಹಾಕ್ರಿ.”

ಹಾಕಲಿಲ್ಲ. ಬರೆಯಲೂ ಇಲ್ಲ. ಆ ಪುಟ ಇವರು ಬಿಟ್ಟ ಹಾಗೆಯೇ ಇದೆ.

ವಿದ್ಯಾ ಈಗ ರವಿವಾರಕ್ಕೊಮ್ಮೆ ಅನಗೋಳದಿಂದ ಬರುತ್ತಾಳೆ. ಊಟ ಮಾಡುತ್ತಾಳೆ, ಮಗ್ಗದ ಹತ್ತಿರ ಕುಳಿತು ಸಾಲಿಯ ಸುದ್ದಿ ಹೇಳುತ್ತಾಳೆ. ಹಳೆಯ ಪ್ರಶ್ನೆ ಮತ್ತೆ ಕೇಳಿಲ್ಲ. ಹೋದ ತಿಂಗಳು ಒಮ್ಮೆ ತಾನಾಗಿಯೇ ಅಂದಳು, “ಹೊಸ್ತಿಲಾ ದಾಟೂ ಮುಂದ ಅಪ್ಪನ ಮಾರಿ ಮ್ಯಾಲ ಬಿಸಲ ಬಿತ್ತವ್ವಾ. ಕಣ್ಣಿಗೆ ಚುಚ್ಚತೈತಿ ಅಂತ ನಾ ಸೆರಗ ಅಡ್ಡ ಹಿಡದ್ನಿ.” ನಾನು ಲಾಳಿ ಕೈಯಲ್ಲಿ ಹಿಡಿದು ಕೇಳಿಸಿಕೊಂಡೆ. ಬೇರೆ ಏನಾದರೂ ಇತ್ತಾ ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಮತ್ತೆ ಅಂಥ ದಿನ ಬಂದರೆ ಏನು ಮಾಡುತ್ತೀ ಎಂದರೆ ನಾನು ಹೇಳಲಾರೆ. ಅದು ಆ ದಿನ ಬಂದಾಗಲೇ ತಿಳಿಯುತ್ತದೆ. ಸರಿ ಮಾಡಿದೆ ಎಂಬ ಹೆಮ್ಮೆ ನನಗಿಲ್ಲ, ತಪ್ಪು ಮಾಡಿದೆ ಎಂಬ ಅಳುಕೂ ಇಲ್ಲ. ಇವರನ್ನು ಮನೆಯಿಂದ ಹೊರಗೆ ಒಯ್ದದ್ದನ್ನು ಎಲ್ಲರೂ ನೋಡಿದರು. ನಾನು ನೋಡಲಿಲ್ಲ.